ಜನ ನಗದೇ ಹೋದರೆ? ಚಾಪ್ಲಿನ್ ಮತ್ತು 'ಲೈಮ್‌ಲೈಟ್'

ಚಾರ್ಲಿ ಚಾಪ್ಲಿನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಪುಟ್ಟ ಮೀಸೆ, ದೊಗಳೆ ಪ್ಯಾಂಟು, ಕೈಯಲ್ಲೊಂದು ಬೆತ್ತ. ಆ ಅಲೆಮಾರಿ ವೇಷ ಬಿಟ್ಟು, ನರೆತ ಕೂದಲಿನ ಮುದುಕನಾಗಿ ಅವನು ನಟಿಸಿದ ಸಿನಿಮಾ ಒಂದಿದೆ. ಅದೇ 1952ರ 'ಲೈಮ್‌ಲೈಟ್'. ಆಗ ಅವನಿಗೆ 63 ವರ್ಷ.

ಈ ಸಿನಿಮಾ ಅರ್ಥ ಆಗಬೇಕಾದರೆ ಅವನ ಬಾಲ್ಯ ಗೊತ್ತಿರಬೇಕು. ಚಾಪ್ಲಿನ್ ಹುಟ್ಟಿದ್ದು 1889ರಲ್ಲಿ. ಬೆಳೆದಿದ್ದು ಲಂಡನ್‌ನ ಬಡ ಬೀದಿಗಳಲ್ಲಿ. ಅಪ್ಪ, ಅಮ್ಮ ಇಬ್ಬರೂ ಮ್ಯೂಸಿಕ್ ಹಾಲ್‌ಗಳಲ್ಲಿ ಹಾಡುತ್ತಿದ್ದವರು. ಒಂದು ದಿನ ಹಾಡುತ್ತಿರುವಾಗಲೇ ಅಮ್ಮನ ದನಿ ಒಡೆಯಿತು. ಜನ ಗೇಲಿ ಮಾಡಿದರು. ಆಕೆಯ ಬದಲು ವೇದಿಕೆ ಹತ್ತಿ ಹಾಡಿದ್ದು ಐದು ವರ್ಷದ ಚಾರ್ಲಿ. ಅವನಿಗೆ ಜನ ಕಾಸು ಎಸೆದರು. ಅಮ್ಮನ ರಂಗಜೀವನ ಮುಗಿಯಿತು, ಮಗನದು ಶುರುವಾಯಿತು. ಆಮೇಲೆ ಅಮ್ಮ ಮಾನಸಿಕ ಕಾಯಿಲೆಗೆ ಬಿದ್ದಳು. ಅಪ್ಪ ಕುಡಿದು ಕುಡಿದು 1901ರಲ್ಲಿ ತೀರಿಕೊಂಡ.

'ಲೈಮ್‌ಲೈಟ್'ನ ನಾಯಕ ಕ್ಯಾಲ್ವೆರೊ ಕೂಡ ಕುಡುಕ. ಒಂದು ಕಾಲದ ದೊಡ್ಡ ಹಾಸ್ಯನಟ, ಈಗ ಯಾರಿಗೂ ಬೇಡದವನು. ಕನಸಿನಲ್ಲೂ ಅವನಿಗೆ ಕಾಣೋದು ಖಾಲಿ ಕುರ್ಚಿಗಳೇ. ಸಾಯಲು ಹೊರಟಿದ್ದ ಟೆರಿ ಎಂಬ ಯುವ ನರ್ತಕಿಯನ್ನು ಅವನು ಉಳಿಸುತ್ತಾನೆ, ಮತ್ತೆ ಕುಣಿಯುವ ಧೈರ್ಯ ತುಂಬುತ್ತಾನೆ. ಅವಳು ನಿನ್ನನ್ನೇ ಮದುವೆಯಾಗ್ತೀನಿ ಅಂತಾಳೆ. ಅವನಿಗೂ ಅವಳೆಂದರೆ ಪ್ರಾಣ. ಆದರೂ ಒಪ್ಪದೆ ಮನೆ ಬಿಟ್ಟು ಹೋಗುತ್ತಾನೆ, ಅವಳಿಗೆ ಸರಿಯಾದ ಜೋಡಿ ಒಬ್ಬ ಯುವ ಸಂಗೀತಗಾರ ಅಂತ. ಆ ಯುವಕನ ಪಾತ್ರ ಮಾಡಿದ್ದು ಚಾಪ್ಲಿನ್‌ನ ಸ್ವಂತ ಮಗ ಸಿಡ್ನಿ!

ನಿಜ ಜೀವನದಲ್ಲಿ ಚಾಪ್ಲಿನ್ ಕ್ಯಾಲ್ವೆರೊ ಥರ ದೂರ ಸರಿದವನಲ್ಲ. 1943ರಲ್ಲಿ, ತನ್ನ 54ನೇ ವಯಸ್ಸಿನಲ್ಲಿ, 18 ವರ್ಷದ ಊನಾ ಓನೀಲ್‌ಳನ್ನು ಮದುವೆಯಾದ. ಅದು ಅವನ ನಾಲ್ಕನೇ ಮದುವೆ. ಇದನ್ನು ಮುಚ್ಚಿಟ್ಟು ಅವನನ್ನು ಬರೀ ಹೊಗಳೋದು ಸರಿಯಲ್ಲ. ಆದರೆ ಮುದುಕನೊಬ್ಬನ ಆಸೆಯನ್ನು ಗೇಲಿ ಮಾಡದೆ, ಅದು ಎಲ್ಲಿ ನಿಲ್ಲಬೇಕು ಅಂತ ಯೋಚಿಸಿದ ಸಿನಿಮಾ ಮಾಡಿದ್ದೂ ಅವನೇ.

ಕ್ಲೈಮ್ಯಾಕ್ಸ್‌ನಲ್ಲಿ ಇನ್ನೊಬ್ಬ ಹಳೆಯ ದಿಗ್ಗಜ ಬಸ್ಟರ್ ಕೀಟನ್ ಜೊತೆ ಸೇರಿ ಅವನು ನಗಿಸುವ ದೃಶ್ಯವಿದೆ. ಕ್ಯಾಲ್ವೆರೊಗೆ ಕೊನೆಗೂ ಬೇಕಾಗಿದ್ದು ಹುಡುಗಿಯಲ್ಲ, ಜನರ ನಗು. ಅದು ಸಿಕ್ಕ ಮೇಲೆ, ಟೆರಿ ಕುಣಿಯುತ್ತಿರುವಾಗಲೇ, ಪರದೆಯ ಪಕ್ಕದಲ್ಲಿ ಸಾಯುತ್ತಾನೆ.

ಸಿನಿಮಾದ ಪ್ರೀಮಿಯರ್‌ಗೆ ಅಂತ ಲಂಡನ್‌ಗೆ ಹಡಗು ಹತ್ತಿದ ಚಾಪ್ಲಿನ್‌ಗೆ, ಅವನ ರಾಜಕೀಯ ನಿಲುವಿನ ಮೇಲಿನ ಅನುಮಾನದಿಂದ, ಅಮೆರಿಕ ವಾಪಸ್ ಬರುವ ಅನುಮತಿ ರದ್ದು ಮಾಡಿತು. ಅವನು ಸ್ವಿಟ್ಜರ್ಲೆಂಡ್‌ನಲ್ಲಿ ನೆಲೆಸಿದ. 20 ವರ್ಷದ ನಂತರ, 1972ರಲ್ಲಿ, ಗೌರವ ಆಸ್ಕರ್ ಪಡೆಯಲು ಬಂದಾಗ ಇಡೀ ಸಭೆ ಎದ್ದು ನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿತು. ಮರುವರ್ಷ 'ಲೈಮ್‌ಲೈಟ್' ಸಂಗೀತಕ್ಕೂ ಆಸ್ಕರ್ ಬಂತು. 1977ರ ಕ್ರಿಸ್‌ಮಸ್ ದಿನ ಅವನು ತೀರಿಕೊಂಡ.

ಇಂಟರ್ನಲ್ಸ್ ಮುಗಿದ ಮೇಲೆ ಒಂದು ರಾತ್ರಿ ಈ ಸಿನಿಮಾ ನೋಡಿ. ನಗು ಕಮ್ಮಿ ಬರುತ್ತೆ. ಆದರೆ ನಗಿಸೋದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಾಗುತ್ತೆ.