ಆಂಟನಿ ವಾನ್ ಲೀವೆನ್‌ಹುಕ್

ಆಂಟನಿ ವಾನ್ ಲೀವೆನ್‌ಹುಕ್ (ಅಕ್ಟೋಬರ್ 24, 1632 - ಆಗಸ್ಟ್ 26, 1723) ಡಚ್ ಗಣರಾಜ್ಯದ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಹಾಗೂ ಸೂಕ್ಷ್ಮದರ್ಶಕ ತಜ್ಞ. ಸೂಕ್ಷ್ಮಜೀವಿಗಳನ್ನು ಕಂಡವನೆಂದು ಈತ ಪ್ರಸಿದ್ಧ. ಕೆಂಪು ರಕ್ತಕಣಗಳ ಬಾಗುವ ಗುಣವನ್ನೂ ಕಾಯಿಲೆಯೊಡನೆ ಅದಕ್ಕಿರುವ ನಂಟನ್ನೂ ಗುರುತಿಸಿದ್ದು ಅಷ್ಟಾಗಿ ತಿಳಿದಿಲ್ಲ.

ಜೀವನ

ಬುಟ್ಟಿ ಹೆಣೆಯುತ್ತಿದ್ದ ತಂದೆಯನ್ನು ಲೀವೆನ್‌ಹುಕ್ ಬಾಲ್ಯದಲ್ಲೇ ಕಳೆದುಕೊಂಡ. 16ನೆಯ ವಯಸ್ಸಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಬಟ್ಟೆ ವ್ಯಾಪಾರಿಯೊಬ್ಬನಲ್ಲಿ ಕೆಲಸ ಕಲಿತು, 1654ರಲ್ಲಿ ಡೆಲ್ಫ್ಟ್‌ಗೆ ಮರಳಿ ಸ್ವಂತ ಅಂಗಡಿ ತೆರೆದ. 1660ರಲ್ಲಿ ನಗರಾಡಳಿತದಲ್ಲಿ ಸಣ್ಣ ಹುದ್ದೆ ದೊರೆಯಿತು. ವಿಶ್ವವಿದ್ಯಾಲಯದ ಶಿಕ್ಷಣವಿರಲಿಲ್ಲ, ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ. 1673ರಲ್ಲಿ ವೈದ್ಯ ರೆಗ್ನಿಯರ್ ಡಿ ಗ್ರಾಫ್ ಈತನನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪರಿಚಯಿಸಿದ. ಅಲ್ಲಿಂದ ಮುಂದೆ ತನ್ನ ಶೋಧನೆಗಳನ್ನೆಲ್ಲ ಡಚ್ ಭಾಷೆಯ ಪತ್ರಗಳಲ್ಲೇ ಬರೆದು ಕಳುಹಿಸಿದ. 1680ರಲ್ಲಿ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದ.

ರಕ್ತಕಣಗಳ ಅಧ್ಯಯನ

ಲೀವೆನ್‌ಹುಕ್‌ನ ಸೂಕ್ಷ್ಮದರ್ಶಕದಲ್ಲಿ ಇದ್ದುದು ಲೋಹದ ಎರಡು ತಗಡುಗಳ ನಡುವೆ ಕೂರಿಸಿದ ಒಂದೇ ಒಂದು ಪುಟ್ಟ ಮಸೂರ. ಉಳಿದುಬಂದಿರುವವುಗಳಲ್ಲಿ ಅತ್ಯುತ್ತಮವಾದುದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸುತ್ತದೆ. ಇಂಥ ಉಪಕರಣದಿಂದ 1674ರಲ್ಲಿ ತನ್ನದೇ ರಕ್ತವನ್ನು ಪರೀಕ್ಷಿಸಿ ಕೆಂಪು ಕಣಗಳನ್ನು ವರ್ಣಿಸಿದ. ಯಾನ್ ಸ್ವಾಮರ್‌ಡ್ಯಾಮ್ ಇವುಗಳನ್ನು ಮೊದಲೇ ಕಂಡಿದ್ದನಾದರೂ ಆತನ ಬರಹ ಬೆಳಕಿಗೆ ಬಂದದ್ದು ಮರಣಾನಂತರ.

ಮರುವರ್ಷ ಲೀವೆನ್‌ಹುಕ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಅತಿ ಕಿರಿದಾದ ಲೋಮನಾಳಗಳಲ್ಲಿ ತೂರಬೇಕಾದರೆ ಆರೋಗ್ಯವಂತನ ರಕ್ತಕಣಗಳು ಮೃದುವಾಗಿರಲೇಬೇಕು, ಇಕ್ಕಟ್ಟಿನಲ್ಲಿ ಅಂಡಾಕಾರ ತಳೆದು ವಿಶಾಲ ನಾಳಕ್ಕೆ ಬಂದೊಡನೆ ಮತ್ತೆ ದುಂಡಗಾಗಬೇಕು ಎಂದು ತರ್ಕಿಸಿದ. ತಾನು ತೀವ್ರ ಅಸ್ವಸ್ಥನಾಗಿದ್ದಾಗ ತನ್ನ ರಕ್ತಕಣಗಳು ಗಡುಸಾಗಿಯೂ ಚೇತರಿಸಿಕೊಂಡ ಮೇಲೆ ಮೃದುವಾಗಿಯೂ ಕಂಡವೆಂದು ದಾಖಲಿಸಿದ. ಕಣಗಳ ಈ ಗಡಸುತನವೇ ಎಷ್ಟೋ ಸಾವುಗಳಿಗೆ ಕಾರಣವಿರಬಹುದೆಂದು ಊಹಿಸಿದ. ಒಬ್ಬನೇ ವ್ಯಕ್ತಿಯ ರಕ್ತವನ್ನು ನೋಡಿ ಮಾಡಿದ ಈ ಊಹೆಗೆ ಪುರಾವೆ ಸಾಲದು. ಆದರೂ ಪ್ರಶ್ನೆ ಸರಿಯಾಗಿಯೇ ಇತ್ತು. ಪ್ರತಿ ಕೆಂಪು ಕಣವೂ ಆರು ಚಿಕ್ಕ ಗೋಳಗಳಿಂದಾಗಿದೆ ಎಂಬ ಆತನ ಇನ್ನೊಂದು ವಾದ ಮಾತ್ರ ಪೂರ್ತಿ ತಪ್ಪಾಗಿತ್ತು.

ನಂತರದ ಸಂಶೋಧನೆ

ಮಾನವನ ಕೆಂಪು ರಕ್ತಕಣ ಗೋಳವಲ್ಲ, ಸುಮಾರು 7ರಿಂದ 8 ಮೈಕ್ರೋಮೀಟರ್ ಅಗಲದ ಬಿಲ್ಲೆ. ಅನೇಕ ಲೋಮನಾಳಗಳು ಅದಕ್ಕಿಂತ ಕಿರಿದು. ಕಣ ಬಾಗದಿದ್ದರೆ ರಕ್ತದ ಹರಿವಿಗೆ ತಡೆಯುಂಟಾಗಿ ಅಂಗಾಂಶಗಳಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಕುಡಗೋಲು ಕಣ ರೋಗ ಇದಕ್ಕೆ ಸ್ಪಷ್ಟ ಉದಾಹರಣೆ. ಸೋರಿಯಾಸಿಸ್ ಚರ್ಮದಲ್ಲಿ ಕಾಣಿಸಿಕೊಂಡರೂ ದೇಹದಾದ್ಯಂತ ಉರಿಯೂತವನ್ನುಂಟುಮಾಡುವ ಕಾಯಿಲೆ. ಅದು ತೀವ್ರವಾಗಿರುವವರಲ್ಲಿ ಹೃದಯಾಘಾತದ ಅಪಾಯ ಹೆಚ್ಚು. ಈ ಅಪಾಯದಲ್ಲಿ ರಕ್ತಕಣಗಳ ಗಡಸುತನದ ಪಾಲೆಷ್ಟು ಎಂಬುದೂ ಈಗ ಅಧ್ಯಯನದ ವಿಷಯವಾಗಿದೆ.

ನಿಧನ

ಕೊನೆಗಾಲದಲ್ಲಿ ಲೀವೆನ್‌ಹುಕ್‌ನ ವಪೆ ಅನೈಚ್ಛಿಕವಾಗಿ ಅದುರುತ್ತಿತ್ತು. ಈ ಕಾಯಿಲೆಯನ್ನೂ ಆತ ಪತ್ರಗಳಲ್ಲಿ ವಿವರಿಸಿದ. ಅದಕ್ಕೀಗ ಆತನದೇ ಹೆಸರಿದೆ. 90ನೆಯ ವಯಸ್ಸಿನಲ್ಲಿ ಡೆಲ್ಫ್ಟ್‌ನಲ್ಲಿ ನಿಧನನಾದ.