ಡಾ. ಕಮಲಾ ಸೊಹೋನಿ

ನಾಗಸಂದ್ರದಿಂದ ತುಮಕೂರು ರಸ್ತೆ ಹಿಡಿದು ಯಶವಂತಪುರವನ್ನು ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವು ಎದುರಾಗುತ್ತದೆ. ಹಳಬರ ಪಾಲಿಗೆ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. 1933ರಲ್ಲಿ ಅಲ್ಲಿಗೆ ಬಂದ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದ್ದರು. ತಂದೆ ನಾರಾಯಣರಾಯರೂ ಅವರ ಸಹೋದರ ಮಾಧವರಾಯರೂ ಇದೇ ಸಂಸ್ಥೆಯಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. ಆದರೂ ಅಂದಿನ ನಿರ್ದೇಶಕರಾದ ಸರ್ ಸಿ. ವಿ. ರಾಮನ್ನರು ಹೆಣ್ಣೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಿದರು. ಕಮಲಾ ಹಿಂದಿರುಗಲಿಲ್ಲ, ಗಾಂಧೀಮಾರ್ಗದಲ್ಲಿ ಪಟ್ಟುಹಿಡಿದು ಕುಳಿತರು. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ, ಅವಮಾನಕರವೆನ್ನಬಹುದಾದ ಷರತ್ತುಗಳೊಡನೆ ಅನುಮತಿ ದೊರೆಯಿತು. ಮಹಾವಿಜ್ಞಾನಿಯ ಈ ನಡೆಯನ್ನು ಕಾಲಧರ್ಮವೆಂದು ಮರೆಮಾಚುವುದು ಉಚಿತವಲ್ಲ.

ಶ್ರೀ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿ, 1936ರಲ್ಲಿ ಅವರು ಎಂ.ಎಸ್ಸಿ. ಪದವಿ ಪಡೆದರು. ಆ ವೇಳೆಗೆ ರಾಮನ್ನರ ಮನಸ್ಸೂ ಬದಲಾಗಿ, ಸಂಸ್ಥೆಯು ಇತರ ಮಹಿಳೆಯರಿಗೂ ತೆರೆದಿತ್ತು.

ಮುಂದೆ ಕೇಂಬ್ರಿಡ್ಜಿಗೆ ತೆರಳಿ ಆಲೂಗೆಡ್ಡೆಯನ್ನು ಪರಿಶೋಧಿಸುತ್ತಿದ್ದಾಗ, ಸಸ್ಯಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಇದೆಯೆಂಬುದನ್ನು ಕಂಡುಕೊಂಡರು. ಜೀವಕೋಶದ ಉಸಿರಾಟಕ್ಕೆ ಇದು ಅತ್ಯಗತ್ಯ. ಸುಮಾರು ನಲವತ್ತೇ ಪುಟಗಳ ಮಹಾಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ಲಭಿಸಿತು.

ಈ ಪ್ರೋಟೀನಿನ ಇನ್ನೊಂದು ಮುಖವು ಬೆಳಕಿಗೆ ಬಂದದ್ದು 1996ರಲ್ಲಿ, ಅಮೆರಿಕದ ಷಿಯಾವೊಡಾಂಗ್ ವಾಂಗ್ ಅವರ ಪ್ರಯೋಗಾಲಯದಿಂದ. ಕೋಶವು ಸರಿಪಡಿಸಲಾಗದಷ್ಟು ಕೆಟ್ಟಾಗ, ಮೈಟೋಕಾಂಡ್ರಿಯದೊಳಗಿರುವ ಸೈಟೋಕ್ರೋಮ್ ಸಿ ಹೊರಗೆ ಸೋರುತ್ತದೆ. ಅಲ್ಲಿ ಅದು ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಎಚ್ಚರಿಸುತ್ತದೆ. ಅವು ಕೋಶವನ್ನು ಒಳಗಿನಿಂದಲೇ ಕಳಚಿಹಾಕುತ್ತವೆ. ಬದುಕಿರುವವರೆಗೆ ಉಸಿರಾಡಿಸಿದ್ದೇ ಸಾವಿನ ಸುದ್ದಿಯನ್ನೂ ಹೊತ್ತುತರುವುದೆಂದರೆ ಸೋಜಿಗವಲ್ಲವೆ? ಇಂತಹ ವ್ಯವಸ್ಥಿತ ಮರಣವು ನಮ್ಮ ದೇಹದಲ್ಲಿ ಅನುದಿನವೂ ನಡೆದಿರುತ್ತದೆ. ಅದು ತಪ್ಪಿದಾಗ ಸಾಯಬೇಕಾದ ಕೋಶಗಳು ಉಳಿದು ಅರ್ಬುದಕ್ಕೆ ಎಡೆಯಾಗಬಹುದು. ಪಾರ್ಶ್ವವಾಯುವಿನಲ್ಲಾದರೋ, ಉಳಿಯಬೇಕಾದ ಮಿದುಳಿನ ಕೋಶಗಳು ಸಾಯುತ್ತವೆ.

ಸ್ವದೇಶಕ್ಕೆ ಮರಳಿದ ಕಮಲಾ ಅವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿಯೂ ಕೂನೂರಿನ ಪೌಷ್ಟಿಕತಾ ಪ್ರಯೋಗಾಲಯದಲ್ಲಿಯೂ ದುಡಿದರು. 1947ರಲ್ಲಿ ಶ್ರೀ ಎಂ. ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ಬಳಿಕ ನಿರ್ದೇಶಕಿಯಾಗಿ ಸೇವೆ ಸಲ್ಲಿಸಿದರು. ನೀರಾ ಕುರಿತ ಸಂಶೋಧನೆಯನ್ನು ಅವರು ಕೈಗೊಂಡದ್ದು ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರ ಸೂಚನೆಯಂತೆ. ಬಡ ಮಕ್ಕಳ ಹಾಗೂ ಗರ್ಭಿಣಿಯರ ಪೋಷಣೆಗೆ ಅದು ನೆರವಾಗುವುದೆಂದು ತೋರಿಸಿದ ಈ ಕಾರ್ಯಕ್ಕೆ ರಾಷ್ಟ್ರಪತಿ ಪುರಸ್ಕಾರವೂ ಸಂದಿತು. ಅವರು 1998ರಲ್ಲಿ ನಿಧನರಾದರು.