ಸಹಕಾರದ ಹಿರಿಯ ರಾಬರ್ಟ್ ಓವೆನ್

ಸಂಘದ ಅಂಗಡಿಗೆ ಚೀಲ ಹಿಡಿದು ಹೋಗುವ ನಾವು, ಇಂಥ ಅಂಗಡಿಯ ಮೂಲ ಎಲ್ಲಿಯದೆಂದು ಕೇಳಿಕೊಳ್ಳುವುದು ಕಡಿಮೆ. ಸಹಕಾರದ ಪಿತಾಮಹರೆಂದು ಹೆಸರಾದ ರಾಬರ್ಟ್ ಓವೆನ್ನರನ್ನು ನೆನೆಯೋಣ.

ಓವೆನ್ನರು ಹುಟ್ಟಿದ್ದು 1771ರ ಮೇ 14ರಂದು, ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಸಣ್ಣ ಊರಿನಲ್ಲಿ. ತಂದೆ ಕುದುರೆ ಜೀನು ಮಾಡುವವರು. ಹತ್ತನೇ ವಯಸ್ಸಿಗೇ ಮನೆ ಬಿಟ್ಟು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಹುಡುಗ, ಇಪ್ಪತ್ತರ ಹೊತ್ತಿಗೆ ಮ್ಯಾಂಚೆಸ್ಟರಿನಲ್ಲಿ ಐನೂರು ಜನ ದುಡಿಯುವ ನೂಲಿನ ಗಿರಣಿಗೆ ಮ್ಯಾನೇಜರ್!

ಆಗಿನ ಕಾಲ ಎಂಥದ್ದು? ಹೊಸ ಬೇಸಾಯ ಪದ್ಧತಿ ಬಂದು ಇಳುವರಿ ಏರಿತ್ತು, ನಿಜ. ಆದರೆ ಊರೊಟ್ಟಿನ ಗೋಮಾಳ, ಬಯಲುಗಳಿಗೆ ದೊಡ್ಡ ಜಮೀನುದಾರರು ಕಾನೂನು ಮಾಡಿಸಿ ಬೇಲಿ ಹಾಕಿಕೊಂಡರು. ಒಂದೆರಡು ದನ ಮೇಯಿಸಿಕೊಂಡಿದ್ದ ಬಡವರು ಕೂಲಿಗೆ ಬಿದ್ದರು. ಎಷ್ಟೋ ಮಂದಿ ಗಿರಣಿ ಊರುಗಳ ದಾರಿ ಹಿಡಿದರು. ಅಲ್ಲಿ ಮಳೆ ಬಿಸಿಲು ನೋಡಿ ಕೆಲಸವಲ್ಲ, ಗಂಟೆ ಹೊಡೆದಂತೆ ಕೆಲಸ. ದಿನಕ್ಕೆ ಹದಿಮೂರು ಹದಿನಾಲ್ಕು ತಾಸು, ಎಳೆ ಮಕ್ಕಳಿಗೂ ಬಿಡುವಿಲ್ಲ. ಬಂದ ಸಂಬಳವೂ ಅಂಗಡಿಕಾರನ ಪಾಲು. ಉದ್ರಿ ಕೊಟ್ಟು, ಕಳಪೆ ಮಾಲಿಗೆ ಹೆಚ್ಚು ಬೆಲೆ ಬರೆದು ವಸೂಲಿ. ಉದ್ರಿ ಪುಸ್ತಕದ ಬಿಸಿ ನಮಗೂ ಗೊತ್ತಿರುವುದೇ.

1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಗಿರಣಿಯ ಆಡಳಿತ ಓವೆನ್ನರ ಕೈಗೆ ಬಂತು. ಕ್ಲೈಡ್ ಹೊಳೆಯ ನೀರಿನ ಬಲದಿಂದ ನಡೆಯುವ ಗಿರಣಿ. ಊರಲ್ಲಿ ಸುಮಾರು ಎರಡು ಸಾವಿರ ಜನ, ಅದರಲ್ಲಿ ಐನೂರರಷ್ಟು ಗತಿಯಿಲ್ಲದ ಮಕ್ಕಳು. ಹತ್ತು ವರ್ಷದೊಳಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಓವೆನ್ನರು ನಿಲ್ಲಿಸಿದರು. ಒಳ್ಳೇ ಮಾಲನ್ನು ಸಗಟಾಗಿ ತರಿಸಿ, ಅಸಲಿನ ಮೇಲೆ ಚೂರೇ ಚೂರು ಇಟ್ಟು ಮಾರಿಸಿದರು. ಆ ಲಾಭ ಶಾಲೆಗೆ. ಅಮೆರಿಕದ ಹತ್ತಿ ಬಾರದೆ ನಾಲ್ಕು ತಿಂಗಳು ಗಿರಣಿ ನಿಂತಾಗಲೂ ಪೂರಾ ಸಂಬಳ ಕೊಟ್ಟರು. ಇಷ್ಟಾಗಿಯೂ ಗಿರಣಿ ಲಾಭದಲ್ಲೇ ನಡೆಯಿತು. 1819ರಲ್ಲಿ, ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಹತ್ತಿ ಗಿರಣಿಗೆ ಸೇರಿಸಬಾರದೆಂಬ ಕಾನೂನು ಬಂದದ್ದರಲ್ಲಿ ಅವರ ಹೋರಾಟದ ಪಾಲಿದೆ.

1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ನ್ಯೂ ಹಾರ್ಮನಿ ಎಂಬ ಊರು ಕಟ್ಟಲು ಹೊರಟರು. ಬಂದವರನ್ನೆಲ್ಲ ಸೇರಿಸಿಕೊಂಡರು, ಮಾತಿನ ಮಲ್ಲರು ಹೆಚ್ಚು, ಕಸುಬು ಬಲ್ಲವರು ಕಮ್ಮಿ. ಎರಡೇ ವರ್ಷಕ್ಕೆ ಮುರಿದುಬಿತ್ತು, ಆಸ್ತಿಯ ಬಹುಪಾಲು ಕರಗಿತು. ನ್ಯೂ ಲ್ಯಾನಾರ್ಕಿನಲ್ಲೂ ಎಲ್ಲವೂ ಒಡೆಯರ ಕೊಡುಗೆಯೇ. ದುಡಿಯುವವರ ಕೈಲಿ ಲೆಕ್ಕಪುಸ್ತಕವೂ ಇರಲಿಲ್ಲ, ಮತವೂ ಇರಲಿಲ್ಲ. ಅವರ ದೊಡ್ಡ ಕೊರತೆ ಇದೇ ಎಂದು ನಮಗನ್ನಿಸುತ್ತದೆ.

ಆ ಕೊರತೆ ತುಂಬಿದವರು ಇಂಗ್ಲೆಂಡಿನ ರಾಚ್‌ಡೇಲ್ ಊರಿನ 28 ಮಂದಿ ನೇಕಾರರು, ಕುಶಲಕರ್ಮಿಗಳು. ಅವರಲ್ಲಿ ಕೆಲವರು ಓವೆನ್ನರ ಅನುಯಾಯಿಗಳು. ವಾರವಾರ ಎರಡು ಮೂರು ಪೆನ್ನಿ ಕೂಡಿಸಿ, 28 ಪೌಂಡ್ ಬಂಡವಾಳದಲ್ಲಿ 1844ರ ಡಿಸೆಂಬರ್ 21ರಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಮುಂತಾದ ನಾಲ್ಕಾರು ಸಾಮಾನು ಅಷ್ಟೆ. ಉದ್ರಿ ಇಲ್ಲ. ಸದಸ್ಯನಿಗೆ ಒಂದೇ ಮತ. ಲಾಭ ಹಂಚಿಕೆ, ಕೊಂಡಷ್ಟಕ್ಕೆ ತಕ್ಕ ಹಾಗೆ.

ಓವೆನ್ನರು 1858ರ ನವೆಂಬರ್ 17ರಂದು ನ್ಯೂಟೌನಿನಲ್ಲೇ ತೀರಿಕೊಂಡರು. ನಮ್ಮ ನಾಡಿನಲ್ಲಿ ಗದಗ ಬಳಿಯ ಕಣಗಿನಹಾಳದ ಸಹಕಾರ ಸಂಘ ಹುಟ್ಟಿದ್ದು ಅದಾಗಿ 47 ವರ್ಷಕ್ಕೆ, 1905ರಲ್ಲಿ.